ಮೂಲಗೇಣಿಗೆ ಕೊಟ್ಟ ಪದ್ಯಗಳು

ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ್ದವು. ಮಳೆ ಹಿಡಿದ ಒಂದು ಸಂಜೆ ಬ್ರಹ್ಮಾವರದ ಕಡೆಯ ಗೆಳೆಯರೊಬ್ಬರು ಉಡುಪಿಯ ನಮ್ಮ ಮನೆಗೆ ಹಳೆಯ ಟ್ರಂಕೊಂದನ್ನು ತಂದರು. ಒಳಗೆ ಅವರ ತಂದೆ ಬರೆದ ಹನ್ನೊಂದು ಯಕ್ಷಗಾನ ಪ್ರಸಂಗಗಳಿದ್ದವು. ಮೂರು ಅಚ್ಚಾದವು, ಉಳಿದ ಎಂಟು ನೀಲಿ ಶಾಯಿಯ ಕೈಬರಹದಲ್ಲಿ, ಅಂಚು ಹುಳ ತಿಂದ ಪುಸ್ತಕಗಳಲ್ಲಿ. ತಂದೆ ತೀರಿಕೊಂಡು ಆರು ವರ್ಷ. ಒಂದು ಕಾಲೇಜಿನ ತಂಡ ಪ್ರಸಂಗವೊಂದನ್ನು ಆಡಲು ಕೇಳಿದೆ. ಹಳೆಯ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸುವ ಯುವಕರು ಇಡೀ ಟ್ರಂಕನ್ನೇ ಕೇಳಿದ್ದಾರೆ. ಮುಂಬೈಯಲ್ಲಿರುವ ತಮ್ಮ ಮಾತ್ರ ಯಾರಿಗೂ ಕೊಡಕೂಡದು ಎನ್ನುತ್ತಾನಂತೆ.

"ಕೊಟ್ಟರೆ ಕೈತಪ್ಪಿ ಹೋದೀತು, ಕೊಡದಿದ್ದರೆ ಗೆದ್ದಲು ತಿಂದೀತು. ಇವೆರಡರ ನಡುವೆ ದಾರಿಯೇ ಇಲ್ಲವೇ ಮಾರಾಯರೇ?" ಎಂದು ಅವರು ಕೇಳಿದರು.

ದಾರಿ ಇದೆ. ಅದರ ಬಗ್ಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಜಗತ್ತಿನ ಬರಹಗಾರರು, ಛಾಯಾಗ್ರಾಹಕರು, ಸಂಗೀತಗಾರರು, ವಕೀಲರು ವಾದ ಮಾಡುತ್ತಲೇ ಇದ್ದಾರೆ. ಆ ವಾದ ನಮ್ಮ ಕರಾವಳಿಗೆ ದೂರದ್ದಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು, ನಾವು ಏನೂ ಮಾಡದೆ ಸುಮ್ಮನಿದ್ದರೆ ಕಾನೂನು ತಾನಾಗಿ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಹುಟ್ಟಲು ಅರ್ಜಿ ಬೇಡ, ನೋಂದಣಿ ಬೇಡ. ಪದ್ಯ ಕಾಗದಕ್ಕೆ ಇಳಿದ ಕೂಡಲೇ ಬರೆದವರಿಗೆ ಹಕ್ಕು ಬಂತು. 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದು ಅಚ್ಚು ಹಾಕಿಸದಿದ್ದರೂ ಎಲ್ಲವೂ ಕಾದಿರಿಸಿದಂತೆಯೇ. ಪ್ರತಿ ತೆಗೆಯುವುದು, ಮುದ್ರಿಸುವುದು, ರಂಗದ ಮೇಲೆ ಆಡುವುದು, ಅನುವಾದಿಸುವುದು, ಬೇರೆ ರೂಪಕ್ಕೆ ತಿರುಗಿಸುವುದು, ಇವೆಲ್ಲಕ್ಕೂ ಹಕ್ಕುದಾರರ ಅನುಮತಿ ಬೇಕು. ಬರೆದವರ ಜೀವಿತಾವಧಿ ಮುಗಿದ ಮೇಲೂ ಈ ಹಕ್ಕು ಉಳಿಯುತ್ತದೆ. ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ. ಮೊದಲು 50 ಇದ್ದದ್ದನ್ನು 1992ರಲ್ಲಿ 60ಕ್ಕೆ ಏರಿಸಿದರು.

ಲೆಕ್ಕ ಹಾಕಿದರೆ ಇದರ ಉದ್ದ ಅರಿವಿಗೆ ಬರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರು ಪ್ರಕಟಿಸಿದ ಕೃತಿಗಳು 2024ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡರು. ಅವರ ಕೃತಿಗಳಿಗೆ 2057ರ ಕೊನೆಯವರೆಗೆ ಕಾಯಬೇಕು. ನನ್ನ ಗೆಳೆಯರ ತಂದೆಯ ಅಚ್ಚಾದ ಪ್ರಸಂಗಗಳು ಬಿಡುಗಡೆಯಾಗುವಾಗ ಅವರ ಮೊಮ್ಮಕ್ಕಳ ತಲೆ ನೆರೆತಿರುತ್ತದೆ. ಅಚ್ಚೂ ಆಗದ, ಆಟವಾಗಿ ರಂಗಕ್ಕೂ ಬಾರದ ಕೈಬರಹಗಳ ಲೆಕ್ಕ ಇನ್ನೂ ಬೇರೆ. ಕರ್ತೃ ತೀರಿದ ಮೇಲೆ ಅವು ಎಂದು ಪ್ರಕಟವಾಗುತ್ತವೆಯೋ ಅಲ್ಲಿಂದ 60 ವರ್ಷ ಶುರುವಾಗುತ್ತದೆ.

ಈ ಗಂಟು ಎಷ್ಟು ಬಿಗಿಯಾಗಬಲ್ಲದು ಎಂಬುದಕ್ಕೆ ಸಾಕ್ಷಿ ಉಡುಪಿಯಲ್ಲೇ ಇದೆ. ಕಾರಂತರು ಯಕ್ಷಗಾನದ ರಾಗ, ತಾಳ, ವೇಷ, ರಂಗವಿನ್ಯಾಸಗಳನ್ನು ತಮ್ಮ ಕಣ್ಣಿನಿಂದ ಹೊಸದಾಗಿ ಕಂಡು ಯಕ್ಷರಂಗ ಎಂಬ ನೃತ್ಯರೂಪಕ ಪ್ರಕಾರವನ್ನು ಕಟ್ಟಿದರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆಶ್ರಯದಲ್ಲಿದ್ದ ಯಕ್ಷಗಾನ ಕೇಂದ್ರದ ನಿರ್ದೇಶಕರೂ ಅವರಾಗಿದ್ದರು. ಅವರು ತೀರಿಕೊಂಡ ಮೇಲೆ, 2001ರಲ್ಲಿ, ಕೇಂದ್ರದವರು ದೆಹಲಿಯಲ್ಲಿ ಆ ಬಗೆಯ ಪ್ರದರ್ಶನವೊಂದನ್ನು ಕೊಟ್ಟರು. ಕಾರಂತರ 1994ರ ಉಯಿಲಿನಿಂದ ಹಕ್ಕು ಪಡೆದವರು ತಮ್ಮ ಅನುಮತಿ ಪಡೆದಿಲ್ಲವೆಂದು ಉಡುಪಿಯ ನ್ಯಾಯಾಲಯಕ್ಕೆ ಹೋದರು. ಅಲ್ಲಿಂದ ಹೈಕೋರ್ಟು, ಅಲ್ಲಿಂದ ಸುಪ್ರೀಂ ಕೋರ್ಟು. ಅಂತಿಮ ತೀರ್ಪು ಬಂದದ್ದು 2009ರ ಜನವರಿಯಲ್ಲಿ.

ಆ ತೀರ್ಪನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪ್ರಶ್ನೆ. ಕಾರಂತರು ಎಚ್ಚರಿಕೆಯ ಮನುಷ್ಯರು, ಉಯಿಲು ಬರೆದಿಟ್ಟವರು. ಆದರೂ ರಂಗಪ್ರಯೋಗದ ಹಕ್ಕು ಯಾರಿಗೆ ಎಂಬುದನ್ನು ಉಯಿಲಿನ ಕಲಮುಗಳನ್ನು ಬಿಡಿಸಿ ಬಿಡಿಸಿ ಹುಡುಕಬೇಕಾಯಿತು. ನೃತ್ಯರೂಪಕವು ಸಾಹಿತ್ಯ ಕೃತಿಯಲ್ಲ, ನಾಟಕ ಕೃತಿ. ಹಾಗಿದ್ದರೂ ಬೇರೆ ಕಲಮುಗಳಲ್ಲಿ ಹಂಚದೆ ಉಳಿದ ಆಸ್ತಿಯ ಸಾಲಿನಲ್ಲಿ ಅದರ ಹಕ್ಕು ಉಯಿಲು ಪಡೆದವರಿಗೇ ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು. ಜೊತೆಗೆ, ಕಾಯಿದೆಯ 52ನೆಯ ಕಲಮಿನ ವಿನಾಯಿತಿಗಳೊಳಗೆ ಸಂಸ್ಥೆ ಪ್ರದರ್ಶನ ನೀಡಲು ಅಡ್ಡಿಯಿಲ್ಲ ಎಂದೂ ಸ್ಪಷ್ಟಪಡಿಸಿತು. ಆ ವಿನಾಯಿತಿಗಳು ನಮ್ಮ ಕಡೆಯವರು ತಿಳಿದಿರಲೇಬೇಕಾದವು. ಶಿಕ್ಷಣ ಸಂಸ್ಥೆಯೊಂದು ತನ್ನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಹೆತ್ತವರ ಮುಂದೆ ಆಡಬಹುದು. ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಬಹುದು. ಹಾಗಾಗಿ ಕಾಲೇಜಿನ ತಂಡ ತನ್ನ ವಾರ್ಷಿಕೋತ್ಸವದಲ್ಲಿ ಆಡುವುದಕ್ಕೆ ನನ್ನ ಗೆಳೆಯರ ಅನುಮತಿ ಬೇಕಾಗಿಯೇ ಇರಲಿಲ್ಲ. ಅದೇ ತಂಡ ಟಿಕೆಟ್ ಇಟ್ಟು ಮಂಗಳೂರಿನ ಪುರಭವನದಲ್ಲಿ ಆಡಿದರೆ, ಅಥವಾ ಆಟವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದರೆ, ಬೇಕು. ಸಂಬಳ ಕೊಡುವ ವೃತ್ತಿಮೇಳವನ್ನು ಹವ್ಯಾಸಿ ಸಂಘ ಎನ್ನಲಾಗದು, ಅದಕ್ಕೂ ಬೇಕು.

ಅನುಮತಿ ಕೊಡಲು ಮನಸ್ಸಿರುವವರೂ ಪ್ರತಿ ಬಾರಿ ಪತ್ರ ಬರೆಯುತ್ತಾ ಕೂರಬೇಕೇ? ಎಲ್ಲರಿಗೂ ಒಮ್ಮೆಗೇ ಅನುಮತಿ ಬರೆದುಕೊಡುವ ಸಡಿಲ ಪರವಾನಗಿ ಹುಟ್ಟಿಕೊಂಡದ್ದು ಈ ಪ್ರಶ್ನೆಗೆ ಉತ್ತರವಾಗಿ.

ನಮ್ಮ ಜಿಲ್ಲೆಗಳ ಹಿರಿಯರಿಗೆ ಚಾಲಗೇಣಿ, ಮೂಲಗೇಣಿ ಎಂಬ ಎರಡು ಪದಗಳು ಗೊತ್ತು. ಚಾಲಗೇಣಿಯ ಒಕ್ಕಲನ್ನು ಧಣಿ ತನಗೆ ಬೇಕೆಂದಾಗ ಬಿಡಿಸಬಹುದಿತ್ತು. ಮೂಲಗೇಣಿಯಲ್ಲಿ ಹಾಗೆ ಮಾಡುವಂತಿರಲಿಲ್ಲ. ಒಡೆತನ ಧಣಿಯದೇ ಆದರೂ, ಗೊತ್ತುಪಡಿಸಿದ ಗೇಣಿ ಸಲ್ಲಿಸುತ್ತಿರುವ ತನಕ ಒಕ್ಕಲು ತಲೆಮಾರುಗಟ್ಟಲೆ ಅಲ್ಲೇ ಇರುತ್ತಿದ್ದ. ಒಬ್ಬ ಬರಹಗಾರ "ಇಗೋ ನನ್ನ ಪದ್ಯ, ನನ್ನ ಹೆಸರು ಹೇಳಿದರೆ ಸಾಕು, ಬೇಕಾದಂತೆ ಬಳಸಿ" ಎಂದು ಬರೆದುಕೊಟ್ಟರೆ ಅದು ಇಡೀ ಜಗತ್ತಿಗೆ ಕೊಟ್ಟ ಮೂಲಗೇಣಿ. ಹೆಸರು ಹೇಳುವುದೇ ಗೇಣಿ. ಒಂದು ದೊಡ್ಡ ವ್ಯತ್ಯಾಸ ಉಂಟು: ಒಂದು ಗದ್ದೆಯನ್ನು ಇಬ್ಬರು ಒಟ್ಟಿಗೆ ಉಳಲಾಗದು, ಒಂದು ಪದ್ಯವನ್ನು ಸಾವಿರ ಭಾಗವತರು ಒಂದೇ ರಾತ್ರಿ ಹಾಡಬಹುದು.

ಇಂಥ ಪರವಾನಗಿಗೆ ಹೊಣೆಯುಳ್ಳ, ನ್ಯಾಯಾಲಯದಲ್ಲಿ ನಿಲ್ಲುವ ಭಾಷೆ ಕೊಟ್ಟದ್ದು ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ. ಅದಕ್ಕೂ ಮೊದಲೇ, 1989ರಲ್ಲಿ, ರಿಚರ್ಡ್ ಸ್ಟಾಲ್ಮನ್ ಎಂಬ ತಂತ್ರಾಂಶ ತಜ್ಞರು, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ತಂತ್ರಾಂಶಗಳಿಗಾಗಿ ಗ್ನೂ ಪರವಾನಗಿಯನ್ನು ಹೊರತಂದಿದ್ದರು. 1998ರಲ್ಲಿ ಅಮೆರಿಕ ತನ್ನ ಕೃತಿಸ್ವಾಮ್ಯದ ಅವಧಿಯನ್ನು ಇನ್ನೂ 20 ವರ್ಷ ಹಿಗ್ಗಿಸಿತು. ಹಕ್ಕಿನ ಅವಧಿ ಮುಗಿದ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಿದ್ದ ಎರಿಕ್ ಎಲ್ಡ್ರೆಡ್ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಅವರ ಪರ ವಾದಿಸಿದವರು ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸ್ಸಿಗ್. 2003ರಲ್ಲಿ ಅವರು ಸೋತರು. ಅಷ್ಟರೊಳಗೆ, ಕಾನೂನನ್ನು ಬದಲಿಸಲಾಗದಿದ್ದರೆ ಅದರೊಳಗಿನಿಂದಲೇ ಬಾಗಿಲು ತೆರೆಯೋಣ ಎಂದು 2001ರಲ್ಲಿ ಕ್ರಿಯೇಟಿವ್ ಕಾಮನ್ಸ್ ಕಟ್ಟಿಯಾಗಿತ್ತು. 2002ರ ಡಿಸೆಂಬರಿನಲ್ಲಿ ಮೊದಲ ಪರವಾನಗಿಗಳು ಬಂದವು. ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿ 2013ರದು.

ಒಟ್ಟು ಆರು ಪರವಾನಗಿಗಳಿವೆ, ಅವುಗಳ ಒಳಗಿರುವ ಷರತ್ತುಗಳು ನಾಲ್ಕೇ. ಕರ್ತೃವನ್ನು ಹೆಸರಿಸಬೇಕು ಎಂಬುದು ಆರರಲ್ಲೂ ಇದೆ. ಎರಡನೆಯದು ಸಮಾನ ಹಂಚಿಕೆ: ನನ್ನ ಕೃತಿಯಿಂದ ನೀವು ಹೊಸದನ್ನು ಮಾಡಿ ಹಂಚುವುದಾದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ಮೂರನೆಯದು ವಾಣಿಜ್ಯ ಬಳಕೆ ಸಲ್ಲದು ಎಂಬುದು. ನಾಲ್ಕನೆಯದು, ಬದಲಾಯಿಸಿ ಹಂಚುವುದು ಸಲ್ಲದು. ಈ ಕೊನೆಯದು ಯಕ್ಷಗಾನಕ್ಕೆ ಹೊಂದುವುದೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡದ ಪ್ರಸಂಗವನ್ನು ತುಳುವಿಗೆ ತಂದು ಆಡುವುದಕ್ಕೆ ಅದು ಬಾಗಿಲು ಹಾಕುತ್ತದೆ. ತೆಂಕುತಿಟ್ಟಿನದನ್ನು ಬಡಗುತಿಟ್ಟಿನ ಶೈಲಿಗೆ ಒಗ್ಗಿಸುವವರು, ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸುವವರು ಹೆಜ್ಜೆಹೆಜ್ಜೆಗೂ ಅಳುಕಬೇಕಾಗುತ್ತದೆ.

ನಿಜವಾದ ಜಗಳವಿರುವುದು ಮೂರನೆಯದರಲ್ಲಿ. ಮೊದಲ ಬಾರಿ ಪರವಾನಗಿ ಆರಿಸುವವರ ಕೈ ತಾನಾಗಿ ಹೋಗುವುದು ಅತ್ತ ಕಡೆಗೇ. ನನ್ನ ಗೆಳೆಯರೂ "ದುಡ್ಡು ಮಾಡುವವರಿಗೆ ಬೇಡ, ಉಳಿದವರಿಗೆ ಅಡ್ಡಿಯಿಲ್ಲ" ಎಂದರು. ಕೇಳಲು ನ್ಯಾಯವಾಗಿಯೇ ಇದೆ. ಗೆರೆ ಎಳೆಯಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಹರಕೆ ಆಟವನ್ನೇ ತೆಗೆದುಕೊಳ್ಳಿ. ನೋಡುವವರಿಗೆ ಟಿಕೆಟ್ ಇಲ್ಲ. ಆದರೆ ಆಡಿಸುವ ಸೇವಾಕರ್ತರು ಮೇಳಕ್ಕೆ ಹಣ ಕಟ್ಟುತ್ತಾರೆ, ಕಲಾವಿದರಿಗೆ ಸಂಬಳವಿದೆ. ಇದು ವಾಣಿಜ್ಯವೇ? ಪರವಾನಗಿಯ ಮಾತಿನಲ್ಲಿ ವಾಣಿಜ್ಯವೆಂದರೆ 'ಮುಖ್ಯವಾಗಿ ವಾಣಿಜ್ಯ ಲಾಭ ಅಥವಾ ಹಣದ ಪ್ರತಿಫಲದ ಉದ್ದೇಶ'. ಜಾಹೀರಾತು ಬರುವ ಚಾನೆಲ್ಲಿನಲ್ಲಿ ಆಟದ ವಿಡಿಯೊ ಹಾಕಿದರೆ? ಸ್ಮರಣ ಸಂಚಿಕೆಯಲ್ಲಿ ಅಂಗಡಿಗಳ ಜಾಹೀರಾತಿನ ನಡುವೆ ಪದ್ಯ ಅಚ್ಚಾದರೆ? ಇಂಥ ಪ್ರಶ್ನೆಗಳಲ್ಲಿ ಜರ್ಮನಿಯ ನ್ಯಾಯಾಲಯಗಳೂ ತಡವರಿಸಿದವು. ಸಾರ್ವಜನಿಕ ರೇಡಿಯೊ ಸಂಸ್ಥೆಯೊಂದು ಈ ಷರತ್ತಿನ ಚಿತ್ರವನ್ನು ತನ್ನ ಜಾಲತಾಣದಲ್ಲಿ ಬಳಸಿದಾಗ ಕಲೋನ್ ನಗರದ ಕೆಳಗಿನ ನ್ಯಾಯಾಲಯ ಅದು ವಾಣಿಜ್ಯದ ಷರತ್ತಿನ ಉಲ್ಲಂಘನೆ ಎಂದಿತು. 2014ರಲ್ಲೇ ಮೇಲಿನ ನ್ಯಾಯಾಲಯ ಆ ಮಾತನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ, ಶಾಲೆಯ ಪರವಾಗಿ ಪಾಠಗಳ ಪ್ರತಿ ತೆಗೆದುಕೊಟ್ಟ ಜೆರಾಕ್ಸ್ ಅಂಗಡಿ ವಾಣಿಜ್ಯ ಬಳಕೆ ಮಾಡಿತೇ ಎಂಬುದು ಮೇಲ್ಮನವಿ ನ್ಯಾಯಾಲಯಗಳವರೆಗೆ ಹೋಯಿತು. ಶಾಲೆಯ ಕೆಲಸವನ್ನು ಅಂಗಡಿ ಮಾಡಿಕೊಟ್ಟಿತಷ್ಟೆ, ಉಲ್ಲಂಘನೆ ಇಲ್ಲ ಎಂದು ತೀರ್ಪಾಯಿತು.

ಇನ್ನೊಂದು ಪರಿಣಾಮ ಹಲವರಿಗೆ ಗೊತ್ತೇ ಇಲ್ಲ. ಕನ್ನಡ ವಿಕಿಪೀಡಿಯವಾಗಲಿ, 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯವಾಗಲಿ 'ವಾಣಿಜ್ಯ ಸಲ್ಲದು' ಎಂಬ ಷರತ್ತಿನ ಪಠ್ಯವನ್ನು ತೆಗೆದುಕೊಳ್ಳುವುದಿಲ್ಲ. ಅವುಗಳದು ಹೆಸರಿಸಿ ಸಮಾನವಾಗಿ ಹಂಚುವ ಪರವಾನಗಿ. ತನ್ನ ತಂದೆಯ ಪದ್ಯ ಮಕ್ಕಳಿಗೆ ತಲುಪಲಿ ಎಂದು ಆಶಿಸುವವರು ಈ ಷರತ್ತು ಹಾಕಿದರೆ, ಮಕ್ಕಳು ಮೊದಲು ಹುಡುಕುವ ಜಾಗದಿಂದಲೇ ಅದನ್ನು ಹೊರಗಿಟ್ಟಂತಾಗುತ್ತದೆ. ಲಾಭಕೋರರ ಭಯಕ್ಕೆ ಸಮಾನ ಹಂಚಿಕೆಯೇ ಹೆಚ್ಚು ಒಳ್ಳೆಯ ಮದ್ದು ಎಂದು ನನ್ನ ನಂಬಿಕೆ. ದೊಡ್ಡ ಸಂಸ್ಥೆ ನಿಮ್ಮ ಪದ್ಯದಿಂದ ಏನನ್ನಾದರೂ ಕಟ್ಟಿ ಹೊರತಂದರೆ ಅದನ್ನು ಬೀಗ ಹಾಕಿ ಇಟ್ಟುಕೊಳ್ಳುವಂತಿಲ್ಲ, ಅದೇ ಷರತ್ತಿನಲ್ಲಿ ನಿಮಗೂ ಊರಿಗೂ ಬಿಟ್ಟುಕೊಡಬೇಕು.

ಆದರೆ ತಮ್ಮನ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು ಎಂಬ ಅವನ ಅಳುಕು ಸರಿಯಾದದ್ದೇ. ಮುಂದೆ ಹಂಚುವುದನ್ನು ನಿಲ್ಲಿಸಬಹುದು, ಈಗಾಗಲೇ ಪಡೆದವರ ಅನುಮತಿಯನ್ನು ಕಸಿಯುವಂತಿಲ್ಲ. 2014ರಲ್ಲಿ ಫ್ಲಿಕರ್ ಎಂಬ ಚಿತ್ರತಾಣದ ಮಾಲೀಕ ಯಾಹೂ, ವಾಣಿಜ್ಯಕ್ಕೂ ಒಪ್ಪಿಗೆ ಕೊಟ್ಟಿದ್ದ ಚಿತ್ರಗಳನ್ನು ಗೋಡೆಗೆ ತೂಗುಹಾಕುವ ಮುದ್ರಿತ ಪ್ರತಿಗಳಾಗಿ ಮಾರತೊಡಗಿತು. ಛಾಯಾಗ್ರಾಹಕರಿಗೆ ಬಿಡಿಗಾಸಿಲ್ಲ. ಪರವಾನಗಿಯ ಅಕ್ಷರದಲ್ಲಿ ತಪ್ಪೇನೂ ಇರಲಿಲ್ಲ, ಆದರೂ ಸಿಟ್ಟು ಭುಗಿಲೆದ್ದಿತು, ಕೆಲವೇ ವಾರಗಳಲ್ಲಿ ಯಾಹೂ ಹಿಂದೆ ಸರಿಯಿತು. ಸಹಿ ಹಾಕುವಾಗ ಅವರ ಕಣ್ಣ ಮುಂದೆ ಇದ್ದವರು ಶಾಲಾ ಮಕ್ಕಳು, ಹವ್ಯಾಸಿಗಳು; ಬಂದದ್ದು ಬೃಹತ್ ಕಂಪನಿ. ಸಹಿ ಹಾಕುವ ಮೊದಲು ಇಬ್ಬರನ್ನೂ ಕಣ್ಣ ಮುಂದೆ ತಂದುಕೊಳ್ಳಬೇಕು.

ಹೊಟ್ಟೆಪಾಡಿನ ವಾದವಂತೂ ಇನ್ನೂ ಗಟ್ಟಿಯಾದದ್ದು. ಹೆಸರು ಬಂತು, ಅಕ್ಕಿ ಬರಲಿಲ್ಲ ಎಂದರೆ ಕಲಾವಿದ ಏನು ಮಾಡಬೇಕು? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ತಾಣ ತೆರೆದು ಮಕ್ಕಳ ಕತೆಗಳನ್ನು, ಹೆಸರಿಸಿದರೆ ಸಾಕೆಂಬ ಪರವಾನಗಿಯಲ್ಲಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಿಟ್ಟುಕೊಟ್ಟಿತು. ಅದನ್ನು ಕಂಡು ನನಗೆ ಸಂತೋಷವಾಗುತ್ತದೆ. ಆದರೆ ಅದು ಲಾಭಕ್ಕಾಗಿ ನಡೆಯದ, ದಾನಿಗಳ ಬೆಂಬಲವಿರುವ ಸಂಸ್ಥೆ. ಒಂದು ಹಾಡಿನ ಗೌರವಧನದಲ್ಲಿ ತಿಂಗಳು ತಳ್ಳುವ ಗಾಯಕನಿಗೆ ಅದನ್ನೇ ಮಾದರಿಯಾಗಿ ತೋರಿಸುವುದು ಅನ್ಯಾಯ. ಸಿನಿಮಾ ಗೀತರಚನಕಾರರೂ ಸಂಗೀತ ಸಂಯೋಜಕರೂ ಬಲವಿಲ್ಲದೆ ಎಲ್ಲವನ್ನೂ ಬರೆದುಕೊಡುತ್ತಿದ್ದುದನ್ನು ಕಂಡೇ, 2012ರ ತಿದ್ದುಪಡಿಯಲ್ಲಿ ಅವರ ರಾಯಧನದ ಸಮಪಾಲನ್ನು ಬಿಟ್ಟುಕೊಡಲಾಗದಂತೆ ಮಾಡಿದರು. ಸಡಿಲ ಪರವಾನಗಿ ಕೊಟ್ಟವರು, ಒಪ್ಪಿಗೆ ಕೊಟ್ಟ ಬಳಕೆಗೆ ರಾಯಧನ ಕೇಳುವಂತಿಲ್ಲ. ಆದ್ದರಿಂದ ಯಾವ ಕೃತಿಯ ದುಡಿಮೆ ಇನ್ನೂ ನಡೆಯುತ್ತಿದೆಯೋ ಅದನ್ನು ಬಿಟ್ಟುಕೊಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಕಾಳಜಿ ಇರುವುದು ಬೇರೆ ರಾಶಿಯ ಬಗ್ಗೆ: ಮರುಮುದ್ರಣ ಕಾಣದ, ಯಾರಿಗೂ ಒಂದು ರೂಪಾಯಿ ತಾರದ, ಅಟ್ಟದ ಮೇಲೆ ಬೀಗ ಹಾಕಿದ ಪುಸ್ತಕಗಳು, ಕ್ಯಾಸೆಟ್‌ಗಳು, ಫೋಟೊಗಳು.

ಪದ್ಯವನ್ನು ಕೆಡಿಸಿ ಅವಮಾನ ಮಾಡಿದರೆ ಎಂಬ ಭಯಕ್ಕೆ ಕಾಯಿದೆಯಲ್ಲೇ ಉತ್ತರವಿದೆ. 57ನೆಯ ಕಲಮು ಕರ್ತೃವಿಗೆ ತನ್ನ ಹೆಸರು ಹೇಳಿಸಿಕೊಳ್ಳುವ, ಗೌರವಕ್ಕೆ ಕುಂದು ತರುವ ವಿಕಾರವನ್ನು ತಡೆಯುವ ಹಕ್ಕನ್ನು ಕೊಡುತ್ತದೆ. ಕೃತಿಸ್ವಾಮ್ಯವನ್ನೇ ಮಾರಿದರೂ ಅದು ಉಳಿಯುತ್ತದೆ.

ಇನ್ನು, ಕೊಡುವ ಅಧಿಕಾರ ಯಾರಿಗೆ? ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿ. ಹಣ ಕೊಟ್ಟು ಸ್ಟುಡಿಯೊದವರಿಂದ ಫೋಟೊ ತೆಗೆಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅದರ ಹಕ್ಕು ತೆಗೆಸಿದವರದು. ಸ್ಟುಡಿಯೊದ ಹಳೆಯ ನೆಗೆಟಿವ್ ಕೈಯಲ್ಲಿದೆ ಎಂದ ಮಾತ್ರಕ್ಕೆ ಪರವಾನಗಿ ಕೊಡುವ ಅಧಿಕಾರ ಬಾರದು. ಫೋಟೊದಲ್ಲಿರುವ ಮನುಷ್ಯನ ಖಾಸಗಿತನವೂ ಇದರೊಳಗೆ ಸೇರಿಲ್ಲ. 2007ರಲ್ಲಿ ಅಮೆರಿಕದ ಹುಡುಗಿಯೊಬ್ಬಳ ಚಿತ್ರ, ಪರವಾನಗಿಯ ಆಧಾರದಲ್ಲೇ, ಆಸ್ಟ್ರೇಲಿಯದ ಮೊಬೈಲ್ ಕಂಪನಿಯ ಜಾಹೀರಾತು ಫಲಕವೇರಿತು. ಅವಳನ್ನು ಯಾರೂ ಕೇಳಿರಲಿಲ್ಲ.

ಒಂದು ಆಟದ ಧ್ವನಿಮುದ್ರಣದಲ್ಲಿ ಪ್ರಸಂಗ ಬರೆದವರ ಹಕ್ಕು ಒಂದು, ಮುದ್ರಿಸಿದವರದು ಇನ್ನೊಂದು, ಹಾಡಿದ ಭಾಗವತರ ಮತ್ತು ಅರ್ಥ ಹೇಳಿದವರ ಪ್ರದರ್ಶಕರ ಹಕ್ಕು ಮಗದೊಂದು. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ತಾಳಮದ್ದಳೆಯ ಅರ್ಥಧಾರಿ ಆ ಕ್ಷಣದಲ್ಲಿ ಹೊಳೆಸಿದ ಮಾತನ್ನು ಬೇರೊಬ್ಬರು ಮೊಬೈಲಿನಲ್ಲಿ ಹಿಡಿದು 'ಬೇಕಾದವರು ಬಳಸಿ' ಎಂದು ಹಂಚುವುದು ಅವರ ಬೆವರನ್ನು ದಾನ ಮಾಡಿದಂತೆ. ತುಳುವಿನ ಬಾಯಿಮಾತಿನ ಕಥನಹಾಡಾದ ಪಾಡ್ದನದ ವಿಷಯ ಇನ್ನೂ ಸೂಕ್ಷ್ಮ. ನೇಜಿ ನೆಡುತ್ತಾ ಹೆಂಗಸರು ಹಾಡಿದ ಹಾಡಿಗೆ, ದೈವದ ಮುಂದೆ ಹೇಳುವ ಕತೆಗೆ ಒಬ್ಬ ಕರ್ತೃ ಇಲ್ಲ. ಕಾಯಿದೆ ಅದನ್ನು ಯಾರದೂ ಅಲ್ಲವೆಂದು ಬಗೆಯುತ್ತದೆ. ಹಾಡುವ ಸಮುದಾಯ ಹಾಗೆ ಬಗೆಯುವುದಿಲ್ಲ. ಎಲ್ಲಿ, ಯಾವಾಗ, ಯಾರು ಹಾಡಬೇಕು ಎಂಬ ಕಟ್ಟು ಅದಕ್ಕಿದೆ. ಇಂಥದ್ದನ್ನು ಹಂಚುವಾಗ ಸಮುದಾಯದ ಷರತ್ತನ್ನು ತಿಳಿಸುವ ಗುರುತುಚೀಟಿಗಳನ್ನು ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆ ಬೇರೆ ದೇಶಗಳ ಮೂಲನಿವಾಸಿಗಳೊಂದಿಗೆ ಸೇರಿ ರೂಪಿಸಿದೆ. ಅವಕ್ಕೆ ಪರವಾನಗಿಯಷ್ಟು ಕಾನೂನಿನ ಬಲವಿಲ್ಲ, ಆದರೆ ಕೇಳುವ ಸೌಜನ್ಯವಿದೆ. ನಮ್ಮಲ್ಲೂ ಅಂಥದ್ದು ಬೇಕು.

ಕೃತಕ ಬುದ್ಧಿಮತ್ತೆ ಈ ವಾದಕ್ಕೆ ಹೊಸ ಬೆಂಕಿ ಹಚ್ಚಿದೆ. ಅನುಮತಿ ಬೇಕಾದ ಕಡೆ ಮಾತ್ರ ಪರವಾನಗಿಯ ಷರತ್ತು ಅನ್ವಯವಾಗುತ್ತದೆ. ಯಂತ್ರಕ್ಕೆ ಓದಿಸುವುದಕ್ಕೆ ಅನುಮತಿ ಬೇಕೇ ಎಂಬುದೇ ಈಗಿನ ತಕರಾರು. ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ್ದು ಈ ಪ್ರಶ್ನೆ ಹಿಡಿದೇ.

ಆ ಸಂಜೆ ನಾವು ಟ್ರಂಕಿನ ತಳದವರೆಗೆ ಹೋದೆವು. ಅಚ್ಚಾದ ಮೂರು ಪ್ರಸಂಗಗಳಿಗೆ ಪ್ರಕಾಶಕರೊಂದಿಗೆ ಮಾಡಿಕೊಂಡ ಕರಾರುಪತ್ರ ಸಿಕ್ಕಿತು. ಹಕ್ಕು ವರ್ಗಾಯಿಸಲಾಗಿದೆ ಎಂದಿತ್ತು, ಎಷ್ಟು ವರ್ಷಕ್ಕೆ ಎಂದು ಬರೆದಿರಲಿಲ್ಲ. ಅವಧಿ ಬರೆಯದ ವರ್ಗಾವಣೆಯನ್ನು ಐದು ವರ್ಷದ್ದೆಂದೇ ಕಾಯಿದೆ ಎಣಿಸುತ್ತದೆ. ಪತ್ರದ ಮೇಲಿನ ತಾರೀಖಿಗೆ ಇಪ್ಪತ್ತು ವರ್ಷ ದಾಟಿತ್ತು. ಹಕ್ಕು ಎಂದೋ ಮನೆಗೆ ಮರಳಿ ಬಂದಿದೆ ಎಂದಾಗ ಗೆಳೆಯರು ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಹಕ್ಕು ಇಬ್ಬರು ಮಕ್ಕಳಿಗೂ ಸೇರಿದ್ದರಿಂದ ಮುಂಬೈಗೆ ಫೋನ್ ಮಾಡಿದೆವು.

"ಅಪ್ಪನ ಹೆಸರು ಬಿಟ್ಟು ಆಡಿದರೆ ಏನು ಮಾಡುವುದು, ಅಣ್ಣ?" ಎಂಬುದು ತಮ್ಮನ ಮೊದಲ ಪ್ರಶ್ನೆ. ಹೆಸರು ಬಿಟ್ಟ ಕೂಡಲೇ ಪರವಾನಗಿ ರದ್ದಾಗುತ್ತದೆ, ತಪ್ಪು ಗೊತ್ತಾದ 30 ದಿನಗಳೊಳಗೆ ತಿದ್ದಿಕೊಂಡರೆ ಮಾತ್ರ ತಾನಾಗಿ ಮರಳುತ್ತದೆ ಎಂದು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಚ್ಚಾದ ಮೂರನ್ನು ಸಮಾನ ಹಂಚಿಕೆಯ ಷರತ್ತಿನಲ್ಲಿ ಬಿಡೋಣ, ಉಳಿದ ಎಂಟನ್ನು ಚೌತಿಗೆ ಊರಿಗೆ ಬಂದಾಗ ತಾನೇ ಒಮ್ಮೆ ಓದಿ ಹೇಳುತ್ತೇನೆ ಎಂದ. ಗೆಳೆಯರು ಬಿಳಿ ಹಾಳೆಯಲ್ಲಿ ಮೂರು ಪ್ರಸಂಗಗಳ ಹೆಸರು, ಅದರ ಕೆಳಗೆ ತಂದೆಯ ಹೆಸರು, ಪರವಾನಗಿಯ ಹೆಸರು ಮತ್ತು ಆವೃತ್ತಿ ಬರೆದು, ತಮ್ಮನ ಸಹಿಗೆ ಜಾಗ ಬಿಟ್ಟು, ತಾವು ಸಹಿ ಹಾಕಿದರು. ಎಂಟು ಕೈಬರಹದ ಪುಸ್ತಕಗಳ ನಡುವೆ ಕರ್ಪೂರದ ಬಿಲ್ಲೆಗಳನ್ನು ಇಟ್ಟು ಟ್ರಂಕು ಮುಚ್ಚಿದೆವು.